ಇಜೆಕ್ಷನ್ ಸೀಟ್ ಇದ್ದರೂ ಯಾಕೆ ಉಳಿಯಲಿಲ್ಲ?

ಅಕ್ಕಾರೇ, ನಿಮ್ಮ ತಮ್ಮ ಪೈಲಟ್ ತರಬೇತಿಗೆ ಹೊರಟಿದ್ದಾನೆ ಅಂದಿರಿ. ಬೆಟ್ಟಕ್ಕೆ ಬಡಿದ ತರಬೇತಿ ವಿಮಾನದ ಸುದ್ದಿ ಓದಿ, ಅಪಾಯದಲ್ಲಿ ಪೈಲಟ್‌ನನ್ನು ಹೊರಗೆ ಎಸೆಯುವ ಇಜೆಕ್ಷನ್ ಸೀಟ್ ಇದ್ದರೂ ಪೈಲಟ್ ಯಾಕೆ ಉಳಿಯಲಿಲ್ಲ ಎಂದು ಕೇಳಿದ್ದೀರಿ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ. 2023ರ ಜನವರಿ 28ರಂದು ಮಧ್ಯಪ್ರದೇಶದ ಮೊರೆನಾ ಬಳಿ ತರಬೇತಿ ಹಾರಾಟದಲ್ಲಿ ವಾಯುಪಡೆಯ ಎರಡು ಯುದ್ಧವಿಮಾನ, ಒಂದು ಸುಖೋಯ್, ಒಂದು ಮಿರಾಜ್, ಬಿದ್ದು ನಮ್ಮ ಬೆಳಗಾವಿಯ ವಿಂಗ್ ಕಮಾಂಡರ್ ಹನುಮಂತರಾವ್ ಸಾರಥಿ ತೀರಿಕೊಂಡರು. ಸುಖೋಯ್‌ನಲ್ಲಿದ್ದ ಇಬ್ಬರು ಹೊರಗೆ ಹಾರಿ ಉಳಿದರು, ಮಿರಾಜ್‌ನಲ್ಲಿದ್ದ ಇವರು ಉಳಿಯಲಿಲ್ಲ. ಇಂದಿಗೂ ನೆನೆದರೆ ಸಂಕಟವಾಗುತ್ತದೆ.

ಈಗಿನ ಸೀಟುಗಳು ನಿಂತ ವಿಮಾನದಿಂದಲೂ ಪೈಲಟ್‌ನನ್ನು ಮೇಲಕ್ಕೆ ಎಸೆಯುತ್ತವೆ. ಆದರೆ ವಿಮಾನ ಓರೆಯಾಗಿದ್ದರೆ ಅಥವಾ ಜೋರಾಗಿ ಕೆಳಗೆ ಇಳಿಯುತ್ತಿದ್ದರೆ ಪ್ಯಾರಾಚೂಟ್ ಬಿಚ್ಚಲು ಎತ್ತರ ಬೇಕು. ಕಣಿವೆಯಲ್ಲಿ ಆ ಎತ್ತರವೇ ಸಿಗುವುದಿಲ್ಲ. ವಿಮಾನ ನೇರವಾಗಿ ಹೋಗುತ್ತಿದ್ದರೂ ಕೆಳಗಿನ ನೆಲ ಮೇಲೇರುತ್ತಲೇ ಇರುತ್ತದೆ, ಅಲ್ವಾ? ಮೋಡ ಬಂದರಂತೂ ಬೆಟ್ಟ ಕಾಣುವುದೇ ಇಲ್ಲ. ಅಪಾಯ ಗೊತ್ತಾಗುವ ಹೊತ್ತಿಗೆ ಒಂದೆರಡು ಸೆಕೆಂಡ್ ಉಳಿದಿರುತ್ತದೆ ಅಷ್ಟೇ.

ಇನ್ನೊಂದು ಮಾತು, ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. 10,000 ಅಡಿಯಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಸುಮಾರು ಕಾಲು ಭಾಗ ತೆಳುವಾಗಿರುತ್ತದೆ. ವಿಮಾನದ ವೇಗದ ಮೀಟರ್ ಅದೇ ವೇಗ ತೋರಿಸಿದರೂ ನಿಜವಾದ ವೇಗ ಜಾಸ್ತಿ. ಹಾಗಾಗಿ ಅಷ್ಟೇ ಓರೆಯಾಗಿ ತಿರುಗಿದರೂ ಮೂರನೇ ಒಂದು ಭಾಗ ಹೆಚ್ಚು ಜಾಗ ಬೇಕು. ಎಂಜಿನ್ ಬಲವೂ ಕುಗ್ಗಿರುತ್ತದೆ.

ಇದಕ್ಕೇ ಕಣಿವೆಯ ಮಧ್ಯದಲ್ಲಿ ಹೋಗದೆ ಒಂದು ಬದಿ ಹಿಡಿದು ಹಾರಲು ಕಲಿಸುತ್ತಾರೆ. ವಾಪಸ್ ತಿರುಗಬೇಕಾದರೆ ಇಡೀ ಅಗಲ ಸಿಗಲಿ ಎಂದು. ನಿಮ್ಮ ತಮ್ಮ ರಜೆಗೆ ಬಂದಾಗ ಕೇಳಿ ನೋಡಿ, ನನಗಿಂತ ಚೆನ್ನಾಗಿ ಹೇಳುತ್ತಾನೆ.