ಮಿರ್ಚಿ ಬಂಡಿಯ ಮುಂದೆ ಶಟರ್ ಎಷ್ಟಿರಬೇಕು?

ಪ್ರಶ್ನೆ: ನಾನು ಬಿ.ಕಾಂ. ವಿದ್ಯಾರ್ಥಿ. ಈಚೆಗೆ 18–55 ಎಂಎಂ ಲೆನ್ಸಿನ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಕೊಂಡಿದ್ದೇನೆ. ಕೌಲ್ ಬಜಾರಿನಲ್ಲಿ ಆಟೋ ಮೋಡ್‌ನಲ್ಲಿ ತೆಗೆದ ಚಿತ್ರಗಳಲ್ಲಿ ಮಿರ್ಚಿ ಕರಿಯುವವರ ಕೈ ಮಸುಕಾಗುತ್ತದೆ. ಬಿಸಿಲಿನಲ್ಲಿ ರೈತರ ರುಮಾಲು ಬರೀ ಬಿಳಿ ಮುದ್ದೆಯಾಗುತ್ತದೆ. ಎಲ್ಲವನ್ನೂ ನಾವೇ ಹೊಂದಿಸುವ ‘ಎಂ’ (ಮ್ಯಾನ್ಯುಯಲ್) ಮೋಡ್ ಕಲಿಯದೆ ಗತಿಯಿಲ್ಲವೆಂದು ಗೆಳೆಯರು ಹೇಳುತ್ತಾರೆ. ನಿಜವೇ?
– ಓದುಗ, ಬಳ್ಳಾರಿ

ಉತ್ತರ: ‘ಎಂ’ಗೆ ಅವಸರವಿಲ್ಲ. ಮೊದಲು ನಿಮ್ಮ ಚಿತ್ರವನ್ನೇ ದೊಡ್ಡದು ಮಾಡಿ ನೋಡಿ. ಬಾಣಲೆಯ ಅಂಚು ಸ್ಪಷ್ಟವಾಗಿದ್ದು ಕೈ ಮಾತ್ರ ಮಸುಕಾಗಿದ್ದರೆ ಅಲುಗಿದ್ದು ಕ್ಯಾಮೆರಾ ಅಲ್ಲ, ಕೈ. ತಾಡಪಾಲಿನ ನೆರಳಿನಲ್ಲಿ ಆಟೋ ಮೋಡ್ ಶಟರನ್ನು, ಎಂದರೆ ಬೆಳಕನ್ನು ಒಳಬಿಡುವ ಬಾಗಿಲನ್ನು, ಹೆಚ್ಚಾಗಿ ಸೆಕೆಂಡಿನ 1/60ರಷ್ಟು ಹೊತ್ತು ತೆರೆದಿಡುತ್ತದೆ. ನಿಂತವರಿಗೆ ಅದು ಸಾಕು, ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿಯನ್ನು ಎಣ್ಣೆಗೆ ಬಿಡುವ ಕೈಗೆ ಸಾಲದು.

ಆದ್ದರಿಂದ ಶಟರನ್ನು ನೀವು ನಿರ್ಧರಿಸಿ, ಉಳಿದುದನ್ನು ಕ್ಯಾಮೆರಾಕ್ಕೆ ಬಿಡಿ. ನಿಕಾನ್‌ನಲ್ಲಿ ‘ಎಸ್’, ಕ್ಯಾನನ್‌ನಲ್ಲಿ ‘ಟಿವಿ’ (Tv) ಎಂದಿರುವ ಮೋಡ್ ಇದಕ್ಕಾಗಿಯೇ ಇದೆ. ನಡೆದು ಹೋಗುವವರಿಗೆ 1/250, ಮಿರ್ಚಿ ಬಿಡುವ ಕೈಗೆ 1/500 ಇಡಿ. ಐಎಸ್‌ಒವನ್ನು (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಆಟೋದಲ್ಲಿಟ್ಟು ಗರಿಷ್ಠ ಮಿತಿಯನ್ನು 3200ಕ್ಕೆ ನಿಲ್ಲಿಸಿ. 1/500ರಲ್ಲಿ ನಡುಹಗಲಿನ ಬಿಸಿಲಿಗೆ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಂಡಿ; ಎಫ್ ಅಂಕಿ ಕಿರಿದಾದಷ್ಟೂ ಕಂಡಿ ದೊಡ್ಡದು) ಎಫ್/8ರ ಆಸುಪಾಸಿಗೆ ಬರುತ್ತದೆ; ನೆರಳಿಗೆ ಸರಿದ ಕೂಡಲೇ ಅದು ತೆರೆದುಕೊಳ್ಳುತ್ತದೆ, ಬೆಳಕು ಮತ್ತೂ ಸಾಲದಿದ್ದರೆ ಐಎಸ್‌ಒ ಏರುತ್ತದೆ. ಲೆನ್ಸ್ 18 ಎಂಎಂನಲ್ಲಿರುವಾಗ ಎಫ್/3.5ರಲ್ಲಿಯೂ ಬಂಡಿ, ಬಾಣಲೆ, ಮುಖ ಮೂರೂ ಸಾಕಷ್ಟು ಸ್ಪಷ್ಟವಾಗಿರುತ್ತವೆ.

ಐಎಸ್‌ಒ ಏರಿದರೆ ಚಿತ್ರದಲ್ಲಿ ಗ್ರೇನ್ (ಮರಳಿನಂಥ ಚುಕ್ಕೆಗಳು) ಬರುತ್ತದೆ, ಬರಲಿ. ಆ ಭಯದಿಂದಲೇ ನಾನು ಒಮ್ಮೆ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಸಂಜೆಯ ತೇರನ್ನು ಐಎಸ್‌ಒ 100ರಲ್ಲಿ ತೆಗೆದು, ಸಾಲಾಗಿ ಅಲುಗಿದ ಚಿತ್ರಗಳೊಡನೆ ಮನೆಗೆ ಬಂದವನು. ಗ್ರೇನನ್ನು ಆಮೇಲೆ ತಗ್ಗಿಸಬಹುದು. ಅಲುಗಿದ ಮುಖವನ್ನು ಯಾವ ಸಾಫ್ಟ್‌ವೇರೂ ನೆಟ್ಟಗೆ ಮಾಡಿಕೊಡದು.

ರುಮಾಲಿನ ತೊಡಕು ಬೇರೆಯದು. ಅದರ ನೆರಳಿನಲ್ಲಿರುವ ಮುಖವನ್ನು ಬೆಳಗಿಸಲು ಹೋಗಿ ಕ್ಯಾಮೆರಾ ಬಿಳಿ ಬಟ್ಟೆಯನ್ನು ಸುಟ್ಟುಬಿಡುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅನ್ನು (ಕ್ಯಾಮೆರಾ ಆರಿಸಿದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಹೊಂದಿಕೆ) ಮೈನಸ್ 0.7ರಿಂದ ಮೈನಸ್ 1ರವರೆಗೆ ಇಳಿಸಿ ‘ರಾ’ ಫೈಲಿನಲ್ಲಿ (ಸೆನ್ಸರಿನ ಮಾಹಿತಿಯನ್ನು ಸಂಸ್ಕರಿಸದೆ ಉಳಿಸುವ ಫೈಲು) ತೆಗೆದರೆ ರುಮಾಲಿನ ಮಡಿಕೆಗಳು ಉಳಿಯುತ್ತವೆ, ಕಪ್ಪಾದ ಮುಖವನ್ನು ಆಮೇಲೆ ಎತ್ತಿಕೊಳ್ಳಬಹುದು.

ರಾತ್ರಿ ಅಂಗಡಿಗಳ ಎಲ್‌ಇಡಿ ದೀಪಗಳಡಿ ಚಿತ್ರದಲ್ಲಿ ಅಡ್ಡ ಪಟ್ಟೆಗಳು ಕಂಡರೆ ಕ್ಯಾಮೆರಾ ಕೆಟ್ಟಿತೆಂದು ರಿಪೇರಿಗೆ ಒಯ್ಯಬೇಡಿ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದ್ದಾದ್ದರಿಂದ ಅಂಥ ಹಲವು ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಅಲ್ಲಿ ಮಾತ್ರ ಒಂದು ಮಿನುಗು ಪೂರ್ತಿಯಾಗಿ ಸೇರುವಂತೆ ಶಟರನ್ನು 1/100ಕ್ಕೆ ಇಳಿಸಿ, ಮಿರ್ಚಿ ಬಿಡುವ ಗಳಿಗೆಯನ್ನು ಕಾಯುವ ಬದಲು ಬಂಡಿಯವರು ಗಿರಾಕಿಗೆ ಚಿಲ್ಲರೆ ಎಣಿಸುತ್ತಾ ನಿಂತ ಗಳಿಗೆಯನ್ನು ಹಿಡಿಯಿರಿ.