ಮೇಜಿನ ಮೇಲಿನ ಕೈಗಳು

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಾಯಿಸಿದ್ದೇನೆ.)

ನಾನು ಅಮೆರಿಕದ ಅಟ್ಲಾಂಟಾದಲ್ಲಿ ಆಪ್ತಸಲಹೆಗಾರ್ತಿ. ಇವರನ್ನು ಡೇವಿಡ್ ಅಂತ ಕರೆಯೋಣ. ಕಪ್ಪು ಸಮುದಾಯದವರು, ವಯಸ್ಸು ಐವತ್ತರ ಆಸುಪಾಸು, ಸಿಟಿ ಬಸ್ ಡ್ರೈವರ್. ಎದೆನೋವು ಅಂತ ಎರಡು ಸಲ ಆಸ್ಪತ್ರೆಗೆ ಹೋಗಿ ಬಂದಿದ್ದರು. ಇಸಿಜಿ ಸರಿಯಿತ್ತು, ಬಿಪಿ ಜಾಸ್ತಿ ಇತ್ತು. ರಾತ್ರಿಗೆ ಮೂರು ತಾಸು ನಿದ್ದೆ ಬಂದರೆ ಪುಣ್ಯ. ಹೆಂಡತಿ ಬಿಡದೆ ಕಳಿಸಿದ್ದರು.

"ನನಗೇನೂ ತಲೆ ಕೆಟ್ಟಿಲ್ಲ ಮೇಡಂ" ಅನ್ನೋದೇ ಮೊದಲ ಮಾತು. ಶಿವಮೊಗ್ಗದಲ್ಲಿ ಕೆಲಸ ಮಾಡುವಾಗಲೂ ಇದೇ ಮಾತು ಕೇಳುತ್ತಿದ್ದೆ. ಆದರೆ ಎರಡನೇ ಮಾತು ಈ ನೆಲದ್ದು. "ನೀವು ಬರೆದುಕೊಳ್ಳೋದನ್ನ ಯಾರ್ಯಾರು ಓದ್ತಾರೆ?"

ಅವರ ಅಜ್ಜನ ಊರು ಅಲಬಾಮಾದ ಮೇಕನ್ ಕೌಂಟಿ. ಟಸ್ಕೀಗಿ ಇರೋದು ಅಲ್ಲೇ. 1932ರಿಂದ 1972ರವರೆಗೆ ಸರ್ಕಾರದ ವೈದ್ಯರು ಅಲ್ಲಿ ಸುಮಾರು 600 ಕಪ್ಪು ಗಂಡಸರನ್ನು ಅಧ್ಯಯನಕ್ಕೆ ಸೇರಿಸಿಕೊಂಡಿದ್ದರು. 399 ಜನಕ್ಕೆ ಸಿಫಿಲಿಸ್ ಅನ್ನೋ ಲೈಂಗಿಕ ರೋಗ ಇತ್ತು. ಅದನ್ನು ಮುಚ್ಚಿಟ್ಟು, 'ಕೆಟ್ಟ ರಕ್ತ'ಕ್ಕೆ ಔಷಧ ಕೊಡ್ತೀವಿ ಅಂತ ನಂಬಿಸಿದರು. ಅದನ್ನು ವಾಸಿಮಾಡುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ರೋಗ ಹೇಗೆ ಬೆಳೆಯುತ್ತೆ ಅಂತ ನೋಡಬೇಕಿತ್ತು, ಅಷ್ಟೆ. ಅಂಥ ಊರಿನ ಮೊಮ್ಮಗ ಫೈಲ್ ಕಂಡು ಹಿಂಜರಿದರೆ ಅದನ್ನು ಸಂಶಯರೋಗ ಅನ್ನೋಕಾಗುತ್ತಾ?

ಪೆನ್ನು ಕೆಳಗಿಟ್ಟೆ. ನಿಮ್ಮ ಮೇಲಧಿಕಾರಿಗೆ ಏನೂ ಹೋಗಲ್ಲ, ಇನ್ಶೂರೆನ್ಸ್‌ನಿಂದ ದುಡ್ಡು ಕಟ್ಟಿದರೆ ಅವರಿಗೆ ಕಾಯಿಲೆಯ ಕೋಡ್ ಹೋಗುತ್ತೆ, ಯಾರದಾದರೂ ಜೀವಕ್ಕೆ ಅಪಾಯ ಇದ್ದರೆ, ಮಗುವಿಗೆ ಹಿಂಸೆ ಆಗುತ್ತಿದ್ದರೆ ನಾನು ಸುಮ್ಮನಿರುವ ಹಾಗಿಲ್ಲ ಅಂತ ಬಿಡಿಸಿ ಹೇಳಿದೆ. ಬರೆದ ಹಾಳೆಯನ್ನು ಅವರ ಕಡೆ ತಿರುಗಿಸಿದೆ. ನಿಧಾನವಾಗಿ ಓದಿದರು. ಒಂದು ಪದ ತಿದ್ದಿಸಿದರು ಕೂಡ.

ಅಷ್ಟು ಹೊತ್ತೂ ಅವರ ಎರಡು ಕೈ ಮೇಜಿನ ಮೇಲೇ ಇದ್ದವು. ಬೆರಳು ಬಿಡಿಸಿ, ಅಂಗೈ ಕೆಳಗೆ ಮಾಡಿ. ಕೆಮ್ಮು ಬಂದಾಗಲೂ ಒಂದೇ ಕೈ ಎತ್ತಿದರು. ಕೇಳಿದ್ದಕ್ಕೆ, "ಅಪ್ಪ ಕಲಿಸಿದ್ದು. ಪೊಲೀಸರು ಕಾರು ನಿಲ್ಲಿಸಿದರೆ ಕೈ ಕಾಣಬೇಕು, ಇಲ್ಲಾಂದ್ರೆ ಗನ್ ತೆಗೀತಿದ್ದೀವಿ ಅಂದುಕೊಳ್ತಾರೆ" ಅಂದರು.

ಮೂರು ತಿಂಗಳ ಹಿಂದೆ ಡ್ಯೂಟಿ ಮುಗಿಸಿ ಮನೆಗೆ ಹೋಗುವಾಗ ಅವರನ್ನು ನಿಲ್ಲಿಸಿದ್ದರಂತೆ. ನಲವತ್ತು ನಿಮಿಷ. ದಂಡವನ್ನೂ ಹಾಕದೆ ಬಿಟ್ಟರು. "ಏನೂ ಆಗಲಿಲ್ಲ ಮೇಡಂ." ಆ ಗಂಟೆಯಲ್ಲಿ ಇದನ್ನು ಏಳು ಸಲ ಹೇಳಿದರು. ನಿದ್ದೆ ಕೆಟ್ಟಿದ್ದು ಆ ವಾರದಿಂದಲೇ.

ಇಲ್ಲಿ ನಾನು ಎಡವಿದೆ. "ನಾನೂ ಹೊರಗಿನವಳೇ, ಅರ್ಥ ಆಗುತ್ತೆ" ಅಂದುಬಿಟ್ಟೆ. ಅವರು ನಕ್ಕರು. "ಕೈ ಎಲ್ಲಿಡಬೇಕು ಅಂತ ನಿಮ್ಮಪ್ಪ ಹೇಳಿಕೊಟ್ಟಿದ್ರಾ?" ಇಲ್ಲ. ನಮ್ಮಪ್ಪ ಲೂನಾ ಕಲಿಸುವಾಗ ಹಸು ಅಡ್ಡ ಬಂದ್ರೆ ಹಾರ್ನ್ ಹೊಡಿ ಅಂದಿದ್ದರು, ಅಷ್ಟೆ. ಕ್ಷಮೆ ಕೇಳಿದೆ. ನಿಮ್ಮ ಸಮುದಾಯದವರೇ ಬೇಕಾದರೆ ಹುಡುಕಿಕೊಡ್ತೀನಿ, ಸ್ವಲ್ಪ ಕಾಯಬೇಕಾಗಬಹುದು ಅಂದೆ. ಈ ದೇಶದ ಮನಶ್ಶಾಸ್ತ್ರಜ್ಞರಲ್ಲಿ ಕಪ್ಪು ಜನ ನೂರಕ್ಕೆ ಐದರ ಆಸುಪಾಸು. "ಸದ್ಯಕ್ಕೆ ನೀವೇ ಸಾಕು" ಅಂದರು. ಹೊಗಳಿಕೆಯೇನಲ್ಲ ಅದು!

ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9ರಲ್ಲಿ 27ಕ್ಕೆ 14 ಬಂತು. ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿದೆ. ಇಲ್ಲ ಅಂದರು. ಆದರೂ 988 ಸಹಾಯವಾಣಿಯನ್ನು ಫೋನಿನಲ್ಲಿ ಸೇವ್ ಮಾಡಿಸಿದೆ.

'ನಿಮ್ಮ ಭಯ ತಪ್ಪು' ಅಂತ ನಾನು ಒಮ್ಮೆಯೂ ಹೇಳಲಿಲ್ಲ. ರಸ್ತೆಯಲ್ಲಿರುವ ಅಪಾಯ ಸುಳ್ಳಲ್ಲ. ಆದರೆ ಹಾಸಿಗೆಯಲ್ಲಿ ಮಲಗಿದಾಗಲೂ ಮೈ ರಸ್ತೆಯಲ್ಲೇ ಇದ್ದರೆ ಹೇಗೆ? ಡಿಪೋದಲ್ಲಿ ಸ್ವಂತ ಕಾರು ಹತ್ತಿದ ಮೇಲೆ ಎರಡು ನಿಮಿಷ ಹೊರಡಬೇಡಿ, ನಾಲ್ಕು ಎಣಿಸುತ್ತಾ ಉಸಿರು ಎಳೆದು ಆರು ಎಣಿಸುತ್ತಾ ಬಿಡಿ ಅಂದೆ. ನಿದ್ದೆ ಬರದಿದ್ದರೆ ಹೊರಳಾಡದೆ ಎದ್ದು ಹೋಗಿ ಕೂರಿ. ಬಿಪಿ ಮಾತ್ರೆ ಬಿಡಬೇಡಿ. ಪ್ರಾರ್ಥನೆ ಬಿಡಿಸುತ್ತೀನಿ ಅನ್ನೋ ಅಳುಕು ಅವರಿಗಿತ್ತು. ಯಾಕೆ ಬಿಡಬೇಕು? ಪಾದ್ರಿಗೆ ಎದೆನೋವಿನ ಜೊತೆ ಆ ನಲವತ್ತು ನಿಮಿಷವನ್ನೂ ಹೇಳಿ ಅಂದೆ. ಅದನ್ನು ಹೆಂಡತಿಗೂ ಹೇಳಿರಲಿಲ್ಲ.

ಮೊದಲು ಹೇಳಿದ್ದು ಹೆಂಡತಿಗೂ ಅಲ್ಲ, ಪಾದ್ರಿಗೂ ಅಲ್ಲ, ಕ್ಷೌರ ಮಾಡುವ ಗೆಳೆಯನಿಗೆ. ಆತನನ್ನೂ ಎರಡು ಸಲ ನಿಲ್ಲಿಸಿದ್ದರಂತೆ.

ಎಂಟನೇ ಭೇಟಿಯ ಹೊತ್ತಿಗೆ ನಿದ್ದೆ ಐದು ತಾಸಿಗೆ ಏರಿತ್ತು. ಕೈ ಇನ್ನೂ ಮೇಜಿನ ಮೇಲೇ. ಮಗನಿಗೆ ಈಗ ಹದಿನಾರು, ಲೈಸೆನ್ಸ್ ಸಿಗುವ ವಯಸ್ಸು. ಅವನಿಗೆ ಕೈ ಇಡೋದನ್ನು ಕಲಿಸಲೇಬೇಕು, ಆದರೆ ತಮ್ಮ ಭಯ ದಾಟಿಸದೆ ಕಲಿಸೋದು ಹೇಗೆ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ವಾರ ಅವನನ್ನೂ ಕರೆದುಕೊಂಡು ಬರುತ್ತಾರೆ.