ಎರಡು ಬೂದುಬಣ್ಣಗಳ ನಡುವೆ

ಪ್ರಶ್ನೆ: ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ಮನೆ ಕೊಂಡಿದ್ದೇವೆ. ನಡುಮನೆಯ ಕಿಟಕಿಗಳೆಲ್ಲ ಉತ್ತರ ದಿಕ್ಕಿಗಿವೆ. ನೆಲಕ್ಕೆ ಜೇನುಬಣ್ಣದ ಓಕ್ ಹಲಗೆ ಹಾಸಿದೆ. ಊರಿನಿಂದ ತರಿಸಿದ ತೇಗದ ಉಯ್ಯಾಲೆಯನ್ನೂ ಅಲ್ಲೇ ತೂಗುಹಾಕುವವರಿದ್ದೇವೆ. ಗೋಡೆಗೆ ಶೆರ್ವಿನ್-ವಿಲಿಯಮ್ಸ್ ಕಂಪನಿಯ ‘ಅಗ್ರಿಯಬಲ್ ಗ್ರೇ’ ಮತ್ತು ‘ರಿಪೋಸ್ ಗ್ರೇ’ ಎಂಬ ಎರಡು ಬಣ್ಣಗಳನ್ನು ನೋಡಿಟ್ಟಿದ್ದೇವೆ. ಬಣ್ಣದ ಮಾದರಿ ಚೀಟಿಯಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ಯಾವುದನ್ನು ಬಳಿಸಲಿ?
— ಓದುಗರೊಬ್ಬರು, ರಾಲಿ

ಉತ್ತರ: ನಿಮ್ಮ ಕಣ್ಣು ತಪ್ಪಿಲ್ಲ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟು ಪಾಲನ್ನು ಬಣ್ಣವು ಹಿಂದಿರುಗಿಸುತ್ತದೆ ಎಂಬುದನ್ನು ಸೊನ್ನೆಯಿಂದ 100ರವರೆಗಿನ ಎಲ್‌ಆರ್‌ವಿ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅಗ್ರಿಯಬಲ್ ಗ್ರೇ ಬಣ್ಣದ್ದು 60, ರಿಪೋಸ್ ಗ್ರೇ ಬಣ್ಣದ್ದು 58. ಇಷ್ಟು ಕಡಿಮೆ ಅಂತರ ಗೋಡೆಯ ಮೇಲೆ ಸುಲಭವಾಗಿ ಗೊತ್ತಾಗುವುದಿಲ್ಲ. ವ್ಯತ್ಯಾಸವಿರುವುದು ಒಳಛಾಯೆಯಲ್ಲಿ: ಮೊದಲನೆಯದರಲ್ಲಿ ಹಾಲು ಬೆರೆಸಿದ ಮಣ್ಣಿನಂಥ ಬೀಜ್ ಛಾಯೆ ಹೆಚ್ಚು, ಎರಡನೆಯದು ಅದಕ್ಕಿಂತ ತುಸು ತಣ್ಣಗಿದ್ದು ಕೆಲವು ಬೆಳಕಿನಲ್ಲಿ ನಸುನೇರಳೆಯ ಕಡೆಗೆ ವಾಲುತ್ತದೆ.

ನಿಮ್ಮ ನಡುಮನೆಗೆ ನಾನು ಅಗ್ರಿಯಬಲ್ ಗ್ರೇಯನ್ನೇ ಹೇಳುತ್ತೇನೆ. ಉತ್ತರದ ಕಿಟಕಿಯಿಂದ ನೇರ ಬಿಸಿಲು ಬಹುಮಟ್ಟಿಗೆ ಬರುವುದಿಲ್ಲ, ಬರುವುದು ಆಕಾಶದ ನೀಲಿ ಬೆರೆತ ಬೆಳಕು. ಅದರಲ್ಲಿ ರಿಪೋಸ್ ಗ್ರೇ ಇನ್ನಷ್ಟು ತಣ್ಣಗಾಗುತ್ತದೆ. ಸಾಲದ್ದಕ್ಕೆ, ಕಿತ್ತಳೆಯತ್ತ ಹೋಗುವ ಓಕ್ ಮತ್ತು ತೇಗದ ಪಕ್ಕದಲ್ಲಿ ಯಾವ ಬೂದುಬಣ್ಣವಾದರೂ ತನ್ನ ನಿಜಕ್ಕಿಂತ ನೀಲಿಯಾಗಿ ಕಾಣುತ್ತದೆ.

ಆದರೂ ಎರಡು ಬೆರಳಗಲದ ಚೀಟಿಯನ್ನು ನಂಬಿ ಡಬ್ಬಿ ಕೊಳ್ಳಬೇಡಿ. ಎರಡಡಿ ಚದರದ ಎರಡು ರಟ್ಟುಗಳಿಗೆ, ಸುತ್ತಲೂ ಬಿಳಿಯ ಅಂಚು ಬಿಟ್ಟು, ಒಂದೊಂದು ಬಣ್ಣವನ್ನು ಎರಡೆರಡು ಕೋಟ್ ಬಳಿಯಿರಿ. ಹಳೆಯ ಗೋಡೆಯ ಮೇಲೆಯೇ ಹಚ್ಚಿ ನೋಡಿದರೆ ಸುತ್ತಲಿನ ಹಳೆಯ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ರಟ್ಟು ಒಣಗಿದ ಮೇಲೆ ಕಿಟಕಿಯ ಎದುರಿನ ಗೋಡೆ, ಮೂಲೆ, ಉಯ್ಯಾಲೆಯ ಹಿಂಬದಿ, ಹೀಗೆ ಜಾಗ ಬದಲಿಸುತ್ತ ಬೆಳಿಗ್ಗೆ, ಮಧ್ಯಾಹ್ನ ಮತ್ತು ದೀಪ ಹಚ್ಚಿದ ನಂತರ ನೋಡಿ. ಅದರ ಕೆಳಅಂಚು ನೆಲದ ಹಲಗೆಗೆ ತಾಗಿರಲಿ. ಬಲ್ಬುಗಳೂ ಇಲ್ಲಿ ಮುಖ್ಯ: 2700 ಕೆಲ್ವಿನ್‌ನ (ಬೆಳಕಿನ ಬಣ್ಣವನ್ನು ಹೇಳುವ ಅಳತೆ) ಹಳದಿ ಬೆಳಕಿನಲ್ಲಿ ಅಗ್ರಿಯಬಲ್ ಗ್ರೇ ಬಹುಪಾಲು ಬೀಜ್ ಆಗಿಯೇ ಕಂಡರೆ, 4000 ಕೆಲ್ವಿನ್‌ನ ಬಿಳಿ ಬೆಳಕಿನಲ್ಲಿ ಅದರ ಬೂದು ಎದ್ದು ಬರುತ್ತದೆ. ರಾತ್ರಿ ಗೋಡೆ ತೀರಾ ಹಳದಿಯೆನಿಸಿದರೆ ಮೊದಲು ಬಲ್ಬು ಬದಲಿಸಿ, ಬಣ್ಣವನ್ನಲ್ಲ.

ದಕ್ಷಿಣದ ಬಿಸಿಲು ಬೀಳುವ ಮಲಗುವ ಕೋಣೆಯಿದ್ದರೆ, ರಿಪೋಸ್ ಗ್ರೇ ಅಲ್ಲಿ ಚೆನ್ನಾಗಿ ಒಪ್ಪುತ್ತದೆ.